ಕಾಲಿನಿಂದ ನಡೆಯುವ ಉಗಿಬಂಡಿ ನಿಜವಾಗಿಯೂ ಇತ್ತೇ? ಅದೇಕೆ ಸೋತಿತು?

ಇತ್ತು. ಇಂಗ್ಲೆಂಡಿನ ಬಟರ್ಲಿ ಕಂಪನಿಯ ಎಂಜಿನಿಯರ್ ವಿಲಿಯಂ ಬ್ರಂಟನ್ 1813ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ನುಣುಪಾದ ಹಳಿಯ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ, ಭಾರ ಎಳೆಯಲಾರದು ಎಂಬ ಅಂಜಿಕೆ ಆಗ ಹಲವರಿಗಿತ್ತು. ಅದಕ್ಕೇ ಬ್ರಂಟನ್ ಬಂಡಿಯ ಹಿಂಬದಿಗೆ ಎರಡು ಕಾಲು ಜೋಡಿಸಿದ. ಉಗಿಯ ಬಲದಿಂದ ಅವು ಒಂದಾದ ಮೇಲೊಂದು ನೆಲ ಒದ್ದು ಬಂಡಿಯನ್ನು ಮುಂದಕ್ಕೆ ನೂಕುತ್ತಿದ್ದವು, ಗಳ ಊರಿ ತೆಪ್ಪ ತಳ್ಳಿದ ಹಾಗೆ. ಚಕ್ರಗಳದ್ದು ಭಾರ ಹೊರುವ ಕೆಲಸವಷ್ಟೇ. ವೇಗ ಗಂಟೆಗೆ ಸುಮಾರು 3 ಮೈಲಿ, ಅಂದರೆ ನಮ್ಮ ನಡಿಗೆಯಷ್ಟು!

ತಮಾಷೆಯೆಂದರೆ ಆ ಅಂಜಿಕೆಯೇ ತಪ್ಪು. ಎಂಜಿನ್ನಿನ ತೂಕದಿಂದಲೇ ಸಾಕಷ್ಟು ಹಿಡಿತ ಸಿಗುತ್ತದೆಂದು ವೈಲಂ ಗಣಿಯ ವಿಲಿಯಂ ಹೆಡ್ಲಿ ಅದೇ ಹೊತ್ತಿಗೆ ತೋರಿಸಿದ. ಕಾಲುಬಂಡಿಯ ಕಥೆ ಮುಗಿದದ್ದು ಮಾತ್ರ ದುರಂತದಲ್ಲಿ: 1815ರಲ್ಲಿ ನ್ಯೂಬಾಟಲ್ ಗಣಿಯಲ್ಲಿ ಬಾಯ್ಲರ್ ಸಿಡಿದು, ನೋಡಲು ನೆರೆದಿದ್ದವರಲ್ಲಿ ಹಲವರು ಸತ್ತರು.