ಒಂದು ತಟ್ಟೆ ಜಾಸ್ತಿ

ಮನಸ್ಸಿನ ಚಿಕಿತ್ಸೆಗೆ ನನ್ನ ಹತ್ತಿರ ಬಂದವರೊಬ್ಬರ ಕತೆ ಇದು. ಹೆಸರು, ಕೆಲಸ ಎಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ಸುಧಾ ಎಂದು ಕರೆಯೋಣ. ವಯಸ್ಸು 36. ಕಚೇರಿ ಕೆಲಸ, ಗಂಡ, ಒಬ್ಬ ಮಗ. ಏಳನೇ ವಯಸ್ಸಿಗೆ ಅಪ್ಪ ತೀರಿಕೊಂಡ ಮೇಲೆ ಬೆಳೆದಿದ್ದು ಸೋದರಮಾವನ ಮನೆಯಲ್ಲಿ. ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಜೊತೆಗೆ ಬಂದ ಗಂಡ, 'ಇವಳಿಗೆ ಯಾರು ಏನಂದ್ರು ಅಂತ ನಮಗೇ ಗೊತ್ತಾಗಲ್ಲ' ಅಂದರು. ಈ ಮಾತನ್ನು ಎಷ್ಟು ಮನೆಯವರ ಬಾಯಲ್ಲಿ ಕೇಳಿದ್ದೇನೋ!

ಮೊದಲ ದಿನ ಟೀ ಕೊಟ್ಟೆ. ಕುಡಿದವರೇ ಲೋಟ ಹಿಡಿದುಕೊಂಡು ಸಿಂಕ್ ಹುಡುಕಿಕೊಂಡು ಹೋಗಿ ತೊಳೆದಿಟ್ಟು ಬಂದರು. ಅಚ್ಚುಕಟ್ಟಿನ ಹೆಂಗಸು ಅಂದುಕೊಂಡು ಸುಮ್ಮನಾದೆ. ಆಗಲೇ ಗಮನಿಸಬೇಕಿತ್ತು.

ಇನ್ನೊಂದು ತಪ್ಪನ್ನೂ ಮಾಡಿದೆ. ಹೊಗಳಿದೆ. 'ಎಷ್ಟೆಲ್ಲ ನಿಭಾಯಿಸ್ತಿದ್ದೀರಿ!' ಅಂದರೆ, 'ನೀವು ಒಳ್ಳೆಯವರು ಮೇಡಂ, ಅದಕ್ಕೆ ಹಾಗಂತೀರಿ' ಅಂದರು. ಕೆಸುವಿನ ಎಲೆ ಮೇಲಿನ ನೀರು.

ಮೂರನೇ ಭೇಟಿಯಲ್ಲಿ ಒಂದು ಸಣ್ಣ ಘಟನೆ ಹಿಡಿದುಕೊಂಡೆವು. ಹಿಂದಿನ ರಾತ್ರಿ ಗಂಡ 'ಆಮೇಲೆ ಊಟ ಮಾಡ್ತೀನಿ' ಅಂದು ಫೋನ್ ನೋಡುತ್ತಾ ಕೂತಿದ್ದರಂತೆ. ಅಷ್ಟೇ. ಇವರಿಗೆ ಮೂರು ಗಂಟೆವರೆಗೂ ನಿದ್ದೆಯಿಲ್ಲ.

'ಅವರು ಹಾಗಂದಾಗ ಏನನ್ನಿಸಿತು?'

'ಸಾರು ಚೆನ್ನಾಗಿಲ್ವೇನೋ ಅಂತ.'

'ಚೆನ್ನಾಗಿಲ್ಲ ಅಂತಲೇ ಇಟ್ಕೊಳ್ಳಿ. ಆದರೇನು?'

'ಇವಳ ಕೈಲಿ ಇಷ್ಟೂ ಆಗಲ್ಲ ಅಂದ್ಕೋತಾರೆ.'

'ಅಂದುಕೊಂಡರೆ?'

'ನನ್ನಿಂದ ಸಾಕಾಗಿಹೋಗತ್ತೆ ಅವರಿಗೆ.'

'ಹಾಗಾದರೆ ನೀವು ಎಂಥವರು ಅಂತ ಆಯ್ತು?'

ತುಂಬಾ ಹೊತ್ತು ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೂತರು. ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವ ಹಾಗೆ, 'ಒಂದು ತಟ್ಟೆ ಜಾಸ್ತಿ' ಅಂದರು.

ಸೋದರಮಾವನ ಮನೆಗೆ ಹೋದ ಮೊದಲ ರಾತ್ರಿ ಅತ್ತೆ ತಟ್ಟೆ ಎಣಿಸುತ್ತಾ ಆಡಿದ ಮಾತಂತೆ. ಬೈದಿದ್ದಲ್ಲ. ಸುಮ್ನೆ ಲೆಕ್ಕ ಹೇಳಿದ್ದೂ ಇರಬಹುದು. ಏಳು ವರ್ಷದ ಮಗು ಮಾತ್ರ ಅದನ್ನೇ ಗಟ್ಟಿ ಮಾಡಿಕೊಂಡಿತು: ನಾನು ಇರುವುದೇ ಹೆಚ್ಚಿಗೆ. ತಟ್ಟೆ ತೊಳೆದಿಟ್ಟರೆ ಇರಬಹುದು. ಎರಡನೇ ಸಲ ಬಡಿಸಿ ಅನ್ನಬಾರದು. ಜ್ವರ ಬಂದರೆ ಹೇಳಬಾರದು. ಆ ಮನೆಯಲ್ಲಿ ಈ ನಿಯಮಗಳಿಂದ ಉಪಯೋಗವೂ ಆಯ್ತು. ಈಗ ಸ್ವಂತ ಮನೆಯಲ್ಲೂ, ಆಫೀಸಿನಲ್ಲೂ ಅದೇ ಕಾನೂನು.

ಅಮೆರಿಕದ ಮನೋವೈದ್ಯ ಆರನ್ ಬೆಕ್ 1960ರ ದಶಕದಲ್ಲಿ ಶುರು ಮಾಡಿದ ಚಿಕಿತ್ಸೆಯಲ್ಲಿ ಇದನ್ನು ಪದರ ಪದರವಾಗಿ ನೋಡುತ್ತೇವೆ. ಮೇಲೆ ಥಟ್ಟನೆ ಹೊಳೆಯುವ ಯೋಚನೆ, 'ಸಾರು ಚೆನ್ನಾಗಿಲ್ಲ'. ಕೆಳಗೆ ನಿಯಮಗಳು. ತಳದಲ್ಲಿ ಆ ತಟ್ಟೆ. ಹೊಗಳಿಕೆ ಅಲ್ಲಿಗೆ ಇಳಿಯುವುದೇ ಇಲ್ಲ. ಬೈಗುಳ ಮಾತ್ರ ನೇರ ಇಳಿಯುತ್ತದೆ.

'ನಾನು ಭಾರ' ಎನ್ನುವ ಥರದ ಮಾತು ಬಂದರೆ, ಸಾಯುವ ಯೋಚನೆ ಬರುತ್ತಾ ಅಂತ ನೇರವಾಗಿ ಕೇಳಿಬಿಡುತ್ತೇನೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇವರಿಗೆ ಇರಲಿಲ್ಲ. ಇರುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು.

'ಪಾಸಿಟಿವ್ ಆಗಿರಿ' ಅಂತ ನಾನು ಹೇಳಲಿಲ್ಲ. ಅತ್ತೆಯನ್ನೇ ಹೋಗಿ ಕೇಳಿ ಅಂತಲೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಅತ್ತೆಗೆ ಈಗ ಎಪ್ಪತ್ತು ದಾಟಿದೆ. 'ನಾನೆಲ್ಲಿ ಹಾಗಂದೆ?' ಅಂದುಬಿಟ್ಟರೆ ಸುಧಾ ಮತ್ತೆ ಏಳು ವರ್ಷದವರಾಗಿಬಿಡುತ್ತಾರೆ. ನನ್ನ ನಿರ್ಧಾರ ಸರಿ ಅಂತಲೇ ಈಗಲೂ ಅನ್ನಿಸುತ್ತದೆ.

ಕೊಟ್ಟ ಕೆಲಸ ಸಣ್ಣದು. ವಾರಕ್ಕೆ ಎರಡು ಸಲ ಯಾರ ಹತ್ತಿರವಾದರೂ ಏನಾದರೂ ಕೇಳಬೇಕು. ಕೇಳುವ ಮೊದಲು ಏನಾಗಬಹುದು ಅಂತ ಬರೆಯಬೇಕು, ಆಮೇಲೆ ಏನಾಯ್ತು ಅಂತ ಬರೆಯಬೇಕು. ನನ್ನ ಮಾತನ್ನು ಅವರು ಒಳ್ಳೆಯತನ ಅಂತ ತಳ್ಳಿಹಾಕಬಹುದು. ಅವರದೇ ಕೈಬರಹವನ್ನು ಹಾಗೆ ತಳ್ಳುವುದು ಕಷ್ಟ, ಅಲ್ವಾ?

ನಾಲ್ಕನೇ ವಾರದ ಪುಟ ಹೀಗಿತ್ತು: 'ಮದುವೆ ಊಟ. ಎರಡನೇ ಹಪ್ಪಳ ಕೇಳೋದು. ಏನಾಗಬಹುದು: ಬಡಿಸುವವನು ಮುಖ ಮುಖ ನೋಡ್ತಾನೆ. ಏನಾಯ್ತು: ಮೂರು ಹಾಕಿ ಹೋದ.'

ಓದಿ ಇಬ್ಬರೂ ನಕ್ಕೆವು. ಆಫೀಸಿನಲ್ಲಿ ಕೇಳೋಣ ಅಂತ ಬರೆದ ರಜೆ ಅರ್ಜಿ ಮಾತ್ರ ಇನ್ನೂ ಅವರ ಬ್ಯಾಗಿನಲ್ಲೇ ಇದೆ. ಟೀ ಲೋಟವನ್ನೂ ಅವರೇ ತೊಳೆದಿಟ್ಟು ಹೋದರು.