ಮೊದಲು ನೋಲನ್, ಆಮೇಲೆ ರಾಜರ್ಸ್: ಫಂಕ್ ಗಿಟಾರ್ ಶುರು ಮಾಡುವವರಿಗೆ

ನಿಮ್ಮ ಪ್ರಶ್ನೆ ಬೆಳಿಗ್ಗೆಯೇ ನೋಡಿದ್ದೆ. ಗಿಟಾರ್ ತೊಡೆ ಮೇಲೆ ಇಟ್ಟುಕೊಂಡೇ ಬರೆಯೋಣ ಅಂತ ರಾತ್ರಿಗೆ ಉಳಿಸಿಕೊಂಡೆ. ಫಂಕ್ (ತಾಳವೇ ಮುಖ್ಯವಾದ ಅಮೆರಿಕದ ಕುಣಿತದ ಸಂಗೀತ) ಗಿಟಾರಿಸ್ಟರಾದ ಜಿಮ್ಮಿ ನೋಲನ್, ನೈಲ್ ರಾಜರ್ಸ್ ಇಬ್ಬರೂ ಒಂದೇ ತರ ಚಕಚಕ ಅಂತ ಕೇಳುತ್ತಾರೆ, ವ್ಯತ್ಯಾಸ ಏನು, ಯಾರನ್ನು ಮೊದಲು ಕಲಿಯಲಿ, ಮನೆಯಲ್ಲಿರುವ ಸಾಧಾರಣ ಸ್ಟ್ರಾಟ್ (ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಸಾಕಾ ಅಂತ ಕೇಳಿದ್ದೀರಿ. ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಮೊದಲು ಕಂಪ್ರೆಸರ್ ಪೆಡಲ್ (ಸದ್ದಿನ ಏರಿಳಿತ ಸಮ ಮಾಡುವ ಪೆಟ್ಟಿಗೆ) ತಗೊಳ್ಳಿ ಅಂದಿದ್ದಾರೆ. ದಯವಿಟ್ಟು ಈಗಲೇ ತಗೋಬೇಡಿ. ಅದರ ಕಥೆ ಮುಂದೆ ಹೇಳುತ್ತೇನೆ.

ನನ್ನ ಉತ್ತರ: ನೋಲನ್ ಮೊದಲು. ಫಂಕ್ ಅಂದರೆ ಬಲಗೈ ಆಟ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಾನೂ ಹಾಗೇ ಅಂದುಕೊಂಡು ಆರು ತಿಂಗಳು ಹಾಳು ಮಾಡಿಕೊಂಡೆ. ಕೆಲಸ ಇರುವುದು ಎಡಗೈಯಲ್ಲಿ. ಎಡಗೈ ಕಲಿಸುವ ಮೇಷ್ಟ್ರು ನೋಲನ್.

ನೋಲನ್ ಹುಟ್ಟಿದ್ದು 1934ರಲ್ಲಿ, ಒಕ್ಲಹೋಮ ಸಿಟಿಯಲ್ಲಿ. ಬೆಳೆದದ್ದು ಬ್ಲೂಸ್ ನುಡಿಸಿಕೊಂಡು. ಬ್ಯಾಂಡ್ ನಾಯಕ ಜಾನಿ ಓಟಿಸ್ ತಂಡದಲ್ಲಿ ಇದ್ದರು. 1965ರಲ್ಲಿ ಗಾಯಕ ಜೇಮ್ಸ್ ಬ್ರೌನ್ ತಂಡ ಸೇರಿದರು. ಅದೇ ವರ್ಷ ಬಂದದ್ದು 'ಪಾಪಾಸ್ ಗಾಟ್ ಎ ಬ್ರ್ಯಾಂಡ್ ನ್ಯೂ ಬ್ಯಾಗ್'. ಆ ಹಾಡಿನ ಒಳಕಟ್ಟು ಹಳೇ ಹನ್ನೆರಡು ಬಾರಿನ (ನಾಲ್ಕು ಬೀಟಿನ ಒಂದು ಆವರ್ತವೇ ಬಾರ್) ಬ್ಲೂಸೇ. ಆದರೆ ಒಂದು ಜಾಗದಲ್ಲಿ ಇಡೀ ತಂಡ ಗಪ್ಪಂತ ನಿಲ್ಲುತ್ತದೆ. ಗಿಟಾರ್ ಒಂದೇ ಒಂದು ಕಾರ್ಡನ್ನು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಟ್ರರ್ರ್ ಅಂತ ಕೆರೆದು ಬಿಡುತ್ತದೆ. ಆ ಒಂದೆರಡು ಸೆಕೆಂಡು ಹತ್ತು ಸಲ ಕೇಳಿ. ಇನ್ನೊಂದು ಮಾತು: ಬಿಡುಗಡೆಗೆ ಮುಂಚೆ ಆ ರೆಕಾರ್ಡಿಂಗಿನ ವೇಗವನ್ನು ಸ್ವಲ್ಪ ಹೆಚ್ಚಿಸಿದ್ದರು. ಜೊತೆಗೆ ನುಡಿಸುವಾಗ ಶ್ರುತಿ ಸರಿಯಾಗಿ ಕೂರದಿದ್ದರೆ ನಿಮ್ಮ ಕಿವಿಯನ್ನು ಬೈಯಬೇಡಿ.

ಅವರ ಈ ವರಸೆಗೆ 'ಚಿಕನ್ ಸ್ಕ್ರ್ಯಾಚ್' ಅಂತ ಹೆಸರು ಬಿತ್ತು. ಕೋಳಿ ನೆಲ ಕೆದರಿದ ಹಾಗೆ. ಬಲಗೈ ಬ್ರಿಜ್ (ತಂತಿಗಳು ಕೂರುವ ಬುಡ) ಹತ್ತಿರ ತಂತಿ ಕೆರೆಯುತ್ತಾ ಇರುತ್ತದೆ. ಎಡಗೈ ಕಾರ್ಡ್ ಹಿಡಿದಿರುತ್ತದೆ, ಆದರೆ ಒತ್ತಿರುವುದಿಲ್ಲ, ಸುಮ್ನೆ ಮುಟ್ಟಿಕೊಂಡಿರುತ್ತದೆ. ಸ್ವರ ಬೇಕಾದ ಗಳಿಗೆಯಲ್ಲಿ ಮಾತ್ರ ಒತ್ತಿ, ತಕ್ಷಣ ಬಿಟ್ಟುಬಿಡುತ್ತದೆ. ಮಾವು ಹಣ್ಣಾಗಿದೆಯಾ ಅಂತ ಬೆರಳಲ್ಲಿ ಒತ್ತಿ ಬಿಡುತ್ತೇವಲ್ಲ, ಅಷ್ಟೇ. ಬೆರಳು ತಂತಿಯಿಂದ ಮೇಲೇಳಬಾರದು. ಎದ್ದರೆ ತಂತಿ ಖಾಲಿ ಮೊಳಗುತ್ತದೆ, ಗಲೀಜಾಗಿ ಕೇಳುತ್ತದೆ.

ಕೈಯಲ್ಲಿ ಹಿಡಿದು ನೋಡಿ. ಇ ನೈನ್ತ್ ಕಾರ್ಡ್: ಐದನೇ ತಂತಿ 7ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ನಾಲ್ಕನೇ ತಂತಿ 6, ಮೇಲಿನ ಮೂರು ಸಣ್ಣ ತಂತಿಗಳು 7ರಲ್ಲಿ ಉಂಗುರದ ಬೆರಳಿನಿಂದ ಒಟ್ಟಿಗೆ. ದಪ್ಪ ಆರನೇ ತಂತಿಯನ್ನು ನಡುಬೆರಳ ತುದಿಯಿಂದ ಮುಟ್ಟಿ ಬಾಯಿ ಮುಚ್ಚಿಸಿ. ಈಗ ಕಿರುಬೆರಳಿಂದ ಮೊದಲನೇ ತಂತಿಯ 9ನೇ ಫ್ರೆಟ್ ಸೇರಿಸಿದರೆ ಅದು ಥರ್ಟೀನ್ತ್ ಆಗುತ್ತದೆ. ಒತ್ತು, ಬಿಡು, ಕಿರುಬೆರಳು, ಬಿಡು. ಒಂದು ಫ್ರೆಟ್ ಕೆಳಗಿನಿಂದ ಜಾರಿ ಬಂದರೆ ಇನ್ನೂ ಚೆಂದ. ಇಷ್ಟರಲ್ಲೇ ಫಂಕಿನ ಅರ್ಧ ಮನೆಸಾಮಾನು ಬಂತು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. 7ನೇ ಫ್ರೆಟ್ಟಿನಲ್ಲಿ ಬೆರಳು ಸಡಿಲ ಬಿಟ್ಟಾಗ ಸತ್ತ ಸದ್ದಿನ ಬದಲು ಟಿಣ್ ಅಂತ ಗಂಟೆ ಸದ್ದು ಬರುತ್ತದೆ. ಅದು ಹಾರ್ಮೋನಿಕ್. 5, 7, 12ನೇ ಫ್ರೆಟ್‌ಗಳಲ್ಲಿ ಈ ಕಾಟ ಜಾಸ್ತಿ. ನಿಮ್ಮ ತಪ್ಪಲ್ಲ, ತಂತಿಯ ಸ್ವಭಾವ. ಒಂದೇ ಬೆರಳಲ್ಲಿ ಮುಟ್ಟುವ ಬದಲು ಖಾಲಿ ಇರುವ ಕಿರುಬೆರಳನ್ನೂ ತಂತಿಗಳ ಮೇಲೆ ಮಲಗಿಸಿ, ನಿಂತುಹೋಗುತ್ತದೆ. ಇಲ್ಲದಿದ್ದರೆ ಮೊದಲ ವಾರ ಇಡೀ ಕಾರ್ಡನ್ನು ಒಂದು ಫ್ರೆಟ್ ಕೆಳಗೆ ಇಟ್ಟುಕೊಂಡು ಅಭ್ಯಾಸ ಮಾಡಿ.

ನೋಲನ್ ಜಾಸ್ತಿ ನುಡಿಸುವುದಿಲ್ಲ. ಇದೇ ಮುಖ್ಯ. ಜೇಮ್ಸ್ ಬ್ರೌನ್ ತಂಡದಲ್ಲಿ ಡ್ರಮ್ಸ್, ಬಾಸ್, ಹಾರ್ನ್ ಎಲ್ಲ ಒಂದು ಯಂತ್ರದ ಹಲ್ಲುಗಳ ಹಾಗೆ ಕೂರುತ್ತವೆ. ಎಷ್ಟೋ ಸಲ ನೋಲನ್ ಪಕ್ಕದಲ್ಲಿ ಇನ್ನೊಬ್ಬ ಗಿಟಾರಿಸ್ಟ್ ಆಲ್ಫಾನ್ಸೊ ಕೆಲಮ್ ಇರುತ್ತಿದ್ದರು. ಹಾಗಾಗಿ ಇವರ ಪಾಲಿಗೆ ಒಂದು ಸಣ್ಣ ಜಾಗ. 1967ರ 'ಕೋಲ್ಡ್ ಸ್ವೆಟ್' ಹಾಕಿ ಕೇಳಿ. ಹಾಡಿನ ಬಹುಪಾಲು ಕಾರ್ಡ್ ಬದಲಾಗುವುದೇ ಇಲ್ಲ. ಡ್ರಮ್ಸಿನಲ್ಲಿ ಕ್ಲೈಡ್ ಸ್ಟಬಲ್‌ಫೀಲ್ಡ್. ಗಿಟಾರ್ ಅದರ ಸಂದಿಯಲ್ಲಿ ಚಿಕ್ಕ ತುಣುಕು ಹಾಕಿ ಸುಮ್ಮನಾಗುತ್ತದೆ, ಮತ್ತೆ ಅದೇ ತುಣುಕು. ಏಳು ನಿಮಿಷ ಅದನ್ನೇ ಅಳುಕದೆ ನುಡಿಸುವುದು ಎಷ್ಟು ಕಷ್ಟ ಅಂತ ನುಡಿಸಿ ನೋಡಿದವರಿಗೇ ಗೊತ್ತು. ಎರಡನೇ ನಿಮಿಷಕ್ಕೇ ನನ್ನ ಕೈ ಏನಾದರೂ ಸೇರಿಸೋಣ ಅಂತ ತುರಿಸುತ್ತದೆ.

ಜೇಮ್ಸ್ ಬ್ರೌನ್‌ಗೆ ಬಾರಿನ ಮೊದಲ ಬೀಟೇ ದೇವರು. ನಮ್ಮಲ್ಲಿ ಸಮ ಅಂತೀವಲ್ಲ, ಆ ಜಾಗ. ಅಲ್ಲಿ ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ಆಮೇಲೆ ಎಷ್ಟು ಬೇಕಾದರೂ ಆಚೆ ಈಚೆ ಹೋಗಬಹುದು. ಮೃದಂಗ ಕಿವಿಗೆ ಬಿದ್ದು ಬೆಳೆದವರಿಗೆ ಇದು ಬೇಗ ಹತ್ತುತ್ತದೆ. ಒಂದು ಬಾರನ್ನು ಹದಿನಾರು ಭಾಗ ಮಾಡಿ ಎಣಿಸುವಾಗ ಇಂಗ್ಲಿಷಿನವರ ಹಾಗೆ ಒದ್ದಾಡಬೇಡಿ. ಬೀಟಿಗೆ ಒಂದು ತಕದಿಮಿ, ಬಾರಿಗೆ ನಾಲ್ಕು. 'ತ'ಗೆ ಕೈ ಕೆಳಗೆ, 'ಕ'ಗೆ ಮೇಲೆ, 'ದಿ'ಗೆ ಕೆಳಗೆ, 'ಮಿ'ಗೆ ಮೇಲೆ. ಇದು ಇಬ್ಬರಿಗೂ ಅನ್ವಯಿಸುತ್ತದೆ.

ಈಗ ರಾಜರ್ಸ್. ಇವರು 1952ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವರು. ಜಾಝ್ ಕಲಿತ ಕೈ, ಹಾರ್ಲೆಮ್ಮಿನ ಅಪೊಲೊ ಥಿಯೇಟರಿನ ತಂಡದಲ್ಲಿ ನುಡಿಸಿದ ಅನುಭವ. ಗೆಳೆಯ, ಬಾಸಿಸ್ಟ್ ಬರ್ನಾರ್ಡ್ ಎಡ್ವರ್ಡ್ಸ್ ಜೊತೆ ಕಟ್ಟಿದ ತಂಡ ಶೀಕ್. ತಮಾಷೆ ಅಂದರೆ ಇವತ್ತು ಎಲ್ಲರೂ ರಾಜರ್ಸ್ ಹೆಸರಿಗೆ ಹಚ್ಚುವ ಆ 'ಚಕ್ಕಿಂಗ್' ವರಸೆಯನ್ನು ಅವರಿಗೆ ತೋರಿಸಿಕೊಟ್ಟದ್ದೇ ಎಡ್ವರ್ಡ್ಸ್. ದಪ್ಪ ಹೊಟ್ಟೆಯ ಜಾಝ್ ಗಿಟಾರ್ ಬಿಟ್ಟು ಸ್ಟ್ರಾಟ್ ಹಿಡಿ ಅಂತ ಒತ್ತಾಯ ಮಾಡಿದ್ದೂ ಅವರೇ. ಹಾಗೆ ಮಯಾಮಿಯಲ್ಲಿ ಸಿಕ್ಕ ಬಿಳಿ ಸ್ಟ್ರಾಟೇ ಮುಂದೆ 'ಹಿಟ್‌ಮೇಕರ್' ಅಂತ ಹೆಸರಾಯಿತು. 1960ರ ಬಾಡಿ, 1959ರ ನೆಕ್ (ಕತ್ತು).

ರಾಜರ್ಸ್ ಬಲಗೈ ನಿಲ್ಲುವುದೇ ಇಲ್ಲ. ಹದಿನಾರಕ್ಕೆ ಹದಿನಾರೂ ಕೈ ಆಡುತ್ತಲೇ ಇರುತ್ತದೆ. ಕೆಲವು ಕಡೆ ಸ್ವರ, ಉಳಿದ ಕಡೆ ಸತ್ತ ತಂತಿಯ ಚಿಕ್ ಚಿಕ್. ಕಿವಿಗೆ ಅಷ್ಟು ಸಲೀಸಾಗಿ ಕೇಳುವುದು ಅದಕ್ಕೇ. ನೋಲನ್ ಗಿಟಾರ್ ಡ್ರಮ್ ಸೆಟ್ಟಿನ ಇನ್ನೊಂದು ಚರ್ಮ ಇದ್ದ ಹಾಗೆ ಇದ್ದರೆ, ರಾಜರ್ಸ್ ಗಿಟಾರ್ ಹೈ-ಹ್ಯಾಟೂ (ಡ್ರಮ್ಸಿನ ಜೋಡಿ ತಾಳ) ಹೌದು, ಹಾರ್ಮೋನಿಯಮ್ಮೂ ಹೌದು. ಯಾಕೆಂದರೆ ಹಾಡಿನ ಕಾರ್ಡುಗಳು ಕೇಳಿಸಬೇಕಾದದ್ದು ಮುಖ್ಯವಾಗಿ ಅಲ್ಲೇ. ಎಡ್ವರ್ಡ್ಸ್ ಬಾಸ್ ಅಂತೂ ತಾನೇ ಒಂದು ಹಾಡು ಹಾಡುತ್ತಿರುತ್ತದೆ. 1979ರ 'ಗುಡ್ ಟೈಮ್ಸ್' ನೆನೆಸಿಕೊಂಡರೆ ಮೊದಲು ಬಾಯಿಗೆ ಬರುವುದು ಬಾಸ್ ತಾನೇ?

ಜಾಝ್ ಕೈ ಅಂದೆನಲ್ಲ, ಅದು ಕಾಣುವುದು ಇಲ್ಲಿ. ರಾಜರ್ಸ್ ಆರೂ ತಂತಿ ಹಿಡಿದು ಬಾರಿಸುವವರಲ್ಲ. ಒಂದೇ ಕಾರ್ಡನ್ನು ಮೂರು ಸಣ್ಣ ತಂತಿಗಳ ಮೇಲೆ ಬೇರೆ ಬೇರೆ ಜಾಗದಲ್ಲಿ ಹಿಡಿದು, ನೆಕ್ ಉದ್ದಕ್ಕೂ ಓಡಾಡುತ್ತಾರೆ. ನೀವೇ ಮಾಡಿ ನೋಡಿ. ಫೋನಿನಲ್ಲಿ ಇ ಸ್ವರವನ್ನು ಶ್ರುತಿ ಹಾಗೆ ಹಾಕಿಕೊಳ್ಳಿ. ಮೂರು, ಎರಡು, ಒಂದನೇ ತಂತಿಗಳ ಮೇಲೆ ಕ್ರಮವಾಗಿ 4-3-3, ಆಮೇಲೆ 7-8-7, ಆಮೇಲೆ 12-12-10. ಮೂರೂ ಬರೀ ಜಿ ಮೇಜರ್. ಆದರೆ ಕೆಳಗೆ ಇ ಇರುವುದರಿಂದ ಇ ಮೈನರ್ ಸೆವೆನ್ತ್ ಆಗಿ ಕೇಳುತ್ತದೆ. ಈಗ ಶ್ರುತಿಯನ್ನು ಎ ಗೆ ಬದಲಾಯಿಸಿ, ಕೈ ಹಾಗೇ ಇರಲಿ. ಬೇರೆಯೇ ಕಾರ್ಡ್! ಎರಡು ಪೈಸೆ ಕೆಲಸಕ್ಕೆ ಹತ್ತು ರೂಪಾಯಿ ಸಂಗೀತ. ನನಗೆ ಇದು ಹೊಳೆದ ದಿನ ರಾತ್ರಿ ಒಂದು ಗಂಟೆ ತನಕ ನಿದ್ದೆ ಮಾಡಲಿಲ್ಲ, ಮನೆಯವರಿಗೂ ಮಾಡಲು ಬಿಡಲಿಲ್ಲ.

ಈಗ ನನ್ನ ಹಾಳು ಆರು ತಿಂಗಳು. 2013ರಲ್ಲಿ ಫ್ರೆಂಚ್ ಜೋಡಿ ಡಾಫ್ಟ್ ಪಂಕ್ ಜೊತೆ ರಾಜರ್ಸ್ ನುಡಿಸಿದ 'ಗೆಟ್ ಲಕಿ' ಎಲ್ಲ ಕಡೆ ಮೊಳಗುತ್ತಿತ್ತು. ನಾಲ್ಕೇ ಕಾರ್ಡ್: ಬಿ ಮೈನರ್, ಡಿ, ಎಫ್ ಶಾರ್ಪ್ ಮೈನರ್, ಇ. ಇಷ್ಟೇ ತಾನೇ ಅಂತ ಸೀದಾ ನಿಮಿಷಕ್ಕೆ 116 ಬೀಟಿನ ವೇಗಕ್ಕೇ ಇಳಿದೆ. ಕೈ ಓಡಿತು. ಖುಷಿಯೂ ಆಯಿತು. ಒಂದು ದಿನ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ, ತಗಡಿನ ಮೇಲೆ ತೆಂಗಿನ ನಾರು ಉಜ್ಜಿದ ಹಾಗಿತ್ತು. ಯಾವುದು ಸ್ವರ, ಯಾವುದು ಸತ್ತ ಸದ್ದು ಗೊತ್ತೇ ಆಗುತ್ತಿರಲಿಲ್ಲ. ಟೋನ್ ಸರಿಯಿಲ್ಲ ಅಂದುಕೊಂಡು ಕಂಪ್ರೆಸರ್ ಕೊಂಡೆ. ಅದು ಏನು ಮಾಡುತ್ತದೆ ಹೇಳಿ? ಸಣ್ಣ ಸದ್ದನ್ನು ಎತ್ತುತ್ತದೆ. ನನ್ನ ಎಡಗೈಯ ಗಲೀಜನ್ನೂ ಚೆನ್ನಾಗಿ ಎತ್ತಿ ತೋರಿಸಿತು. ಪೆಡಲ್ ಕಟ್ಟಿಟ್ಟು, ನೋಲನ್ ಕಡೆ ತಿರುಗಿ, ಒಂದೇ ಕಾರ್ಡಿನಲ್ಲಿ ಎರಡು ತಿಂಗಳು ಕೂತೆ. ಆಮೇಲೆ ರಾಜರ್ಸ್ ತಾನಾಗಿ ಬಂದರು ಅನ್ನುವುದಿಲ್ಲ. ಆದರೆ ಬಾಗಿಲು ತೆರೆಯಿತು.

ನೀವು ಹೀಗೆ ಮಾಡಿ ಅಂತ ನನ್ನ ಸಲಹೆ. ಮೊದಲ ಹದಿನೈದು ದಿನ ಮೆಟ್ರೊನೋಮ್ (ತಾಳ ತಟ್ಟುವ ಯಂತ್ರ) 60. ಬಲಗೈ ತಕದಿಮಿ ತಪ್ಪದೆ ಆಡಲಿ, ಎಡಗೈ ಪೂರಾ ಸಡಿಲ, ಒಂದು ಸ್ವರವೂ ಬರಬಾರದು. ಬರೀ ಚಿಕ್ ಚಿಕ್. ಹದಿನಾರೂ ಒಂದೇ ಗಾತ್ರಕ್ಕೆ ಬಂದ ಮೇಲೆ ಸಮದ 'ತ' ಮಾತ್ರ ಒತ್ತಿ. ಆಮೇಲೆ ಬರೀ 'ಕ'. ಆಮೇಲೆ ಬರೀ 'ಮಿ'. ಈ 'ಕ' ಮತ್ತು 'ಮಿ' ಮೇಲ್ಮುಖ ಹೊಡೆತಗಳು, ಅಲ್ಲೇ ಬೆವರು ಇಳಿಯುತ್ತದೆ. 80ಕ್ಕೆ ಬಂದ ಮೇಲೆ ನೋಲನ್ ತರ ಒಂದು ತುಣುಕು ಕಟ್ಟಿಕೊಂಡು ಐದು ನಿಮಿಷ ಬದಲಾಯಿಸದೆ ನುಡಿಸಿ. 100 ದಾಟಿದ ಮೇಲೆ ಆ ಮೂರು ಜಿ ಮೇಜರ್ ಜಾಗಗಳ ನಡುವೆ ಓಡಾಡಿ. ಜಾಗ ಬದಲಾಯಿಸುವಾಗ ಬಲಗೈ ನಿಲ್ಲಬಾರದು. ಆ ಗಳಿಗೆಯಲ್ಲಿ ಒಂದೆರಡು ಸತ್ತ ಹೊಡೆತ ಬೀಳಲಿ, ಅದೇ ಚೆಂದ. 'ಗುಡ್ ಟೈಮ್ಸ್' 110ರ ಆಸುಪಾಸಿನಲ್ಲಿದೆ, ಅದರ ಜೊತೆ ಆಗ ಧೈರ್ಯವಾಗಿ ಕೂರಬಹುದು.

ಗಿಟಾರ್ ವಿಷಯ. ನಿಮ್ಮ ಸ್ಟ್ರಾಟ್ ಧಾರಾಳ ಸಾಕು. ನೋಲನ್ ನುಡಿಸುತ್ತಿದ್ದದ್ದು ಹೆಚ್ಚಾಗಿ ಗಿಬ್ಸನ್ನಿನ ದಪ್ಪ ಟೊಳ್ಳು ಗಿಟಾರ್‌ಗಳು, ಅಂಥವು ನಮಗೆ ಬೇಡ. ನೋಲನ್ ತರ ನುಡಿಸುವಾಗ ಬ್ರಿಜ್ ಕಡೆಗೆ ಕೈ ಸರಿಸಿ, ನಡುವಿನ ಪಿಕ್ಅಪ್ (ತಂತಿಯ ಸದ್ದು ಹಿಡಿಯುವ ಭಾಗ) ಇಟ್ಟುಕೊಳ್ಳಿ. ರಾಜರ್ಸ್ ಸದ್ದಿಗೆ ನನಗೆ ನೆಕ್ ಕಡೆಯ ಪಿಕ್ಅಪ್ ಹಿಡಿಸಿತು. ರಾಜರ್ಸ್ ಎಷ್ಟೋ ರೆಕಾರ್ಡಿಂಗಿನಲ್ಲಿ ಆಂಪೇ ಇಲ್ಲದೆ ಸೀದಾ ಮಿಕ್ಸಿಂಗ್ ಕನ್ಸೋಲಿಗೆ ಗಿಟಾರ್ ಕೊಟ್ಟಿದ್ದಾರೆ. ಹಾಗಾಗಿ ಮನೆಯಲ್ಲಿ ಆಡಿಯೋ ಇಂಟರ್ಫೇಸ್ (ಗಿಟಾರನ್ನು ಕಂಪ್ಯೂಟರಿಗೆ ಸೇರಿಸುವ ಪೆಟ್ಟಿಗೆ) ಇದ್ದರೆ ಅದಕ್ಕೇ ಚುಚ್ಚಿ. ಆಂಪಿನಲ್ಲಾದರೆ ಗೇನ್ (ಸದ್ದು ಒಡೆಸುವ ಗುಂಡಿ) ತೀರಾ ಕಡಿಮೆ ಇಡಿ, ಬಾಸ್ ಅರ್ಧಕ್ಕಿಂತ ಕಡಿಮೆ. ತೆಳು ಪಿಕ್ ತಗೊಳ್ಳಿ. ದಪ್ಪ ಪಿಕ್‌ನಲ್ಲಿ ಮಣಿಕಟ್ಟು ಬೇಗ ಸೋಲುತ್ತದೆ. ತಂತಿ ಹಳೆಯದಾಗಿದ್ದರೆ ಬದಲಾಯಿಸಿ, ಚಿಕ್ ಅನ್ನೋ ಸದ್ದು ಬರುವುದು ಹೊಸ ತಂತಿಯಲ್ಲೇ.

ನೋಲನ್ 1983ರ ಡಿಸೆಂಬರಿನಲ್ಲಿ ತೀರಿಕೊಂಡರು, 49 ವರ್ಷಕ್ಕೇ. ಅದೇ ವರ್ಷ ಬ್ರಿಟಿಷ್ ಗಾಯಕ ಡೇವಿಡ್ ಬೋವಿಗೆ ರಾಜರ್ಸ್ ಮಾಡಿಕೊಟ್ಟ 'ಲೆಟ್ಸ್ ಡ್ಯಾನ್ಸ್' ಲೋಕವೆಲ್ಲ ಸುತ್ತುತ್ತಿತ್ತು. ಒಬ್ಬರ ಹೆಸರು ಎಲ್ಲರಿಗೂ ಗೊತ್ತು, ಇನ್ನೊಬ್ಬರದ್ದು ಗಿಟಾರ್ ಹಿಡಿದವರಿಗೆ ಮಾತ್ರ. ನನಗೆ ಅದು ಬೇಜಾರು, ಅದಕ್ಕೇ ಇಷ್ಟುದ್ದ ಬರೆದೆ ಅನ್ನಿಸುತ್ತದೆ.

ಹದಿನೈದು ದಿನ ಆದ ಮೇಲೆ 60ರ ವೇಗದ ಒಂದು ನಿಮಿಷ ರೆಕಾರ್ಡ್ ಮಾಡಿ ಇಲ್ಲೇ ಹಾಕಿ. ಬರೀ ಚಿಕ್ ಚಿಕ್ ಸಾಕು, ಕಾರ್ಡ್ ಬೇಡ. ಎಲ್ಲಿ ತಂತಿ ಸೋರುತ್ತಿದೆ ಅಂತ ಕೇಳಿ ಹೇಳುತ್ತೇನೆ.