ಎಕೋಲಿಂಕ್: ಫೋನಿನಲ್ಲಿ ಆಗುತ್ತೆ, ಲ್ಯಾಪ್‌ಟಾಪ್‌ನಲ್ಲಿ ಯಾಕಾಗಲ್ಲ?

ಹ್ಯಾಮ್ ರೇಡಿಯೋದವರು ಇಂಟರ್ನೆಟ್ ಮೂಲಕ ಮಾತಾಡುವ ಎಕೋಲಿಂಕ್‌ನಲ್ಲಿ ಮೊಬೈಲ್‌ನಿಂದ ಚೆನ್ನಾಗಿ ಮಾತಾಡುತ್ತೇನೆ. ಅದೇ ವೈಫೈಗೆ ಸೇರಿಸಿದ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಸ್ಟೇಷನ್‌ಗಳ ಪಟ್ಟಿ ಬರುತ್ತದೆ, ಕನೆಕ್ಟ್ ಮಾತ್ರ ಆಗಲ್ಲ. ಅಂಗಡಿಯವರು ಫೈರ್‌ವಾಲ್ ಆಫ್ ಮಾಡಿ ಅಂದರು. ಮಾಡಲೇ?

ಬೇಡವೇ ಬೇಡ. ಈ ಸಲಹೆ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒಂದು ಸಾಫ್ಟ್‌ವೇರ್‌ಗಾಗಿ ಇಡೀ ಕಂಪ್ಯೂಟರಿನ ಬಾಗಿಲು ತೆಗೆದಿಡುವುದೇ? ಫೈರ್‌ವಾಲ್‌ನಲ್ಲಿ ಎಕೋಲಿಂಕ್‌ಗೆ ಮಾತ್ರ ಅನುಮತಿ ಕೊಡಿ, ಸಾಕು.

ಅಷ್ಟಾದರೂ ಕನೆಕ್ಟ್ ಆಗದಿದ್ದರೆ ಕಾರಣ ಬೇರೆ. ಸ್ಟೇಷನ್ ಪಟ್ಟಿ ಬರುವುದು ಟಿಸಿಪಿ 5200 ಎಂಬ ಪೋರ್ಟ್‌ನಲ್ಲಿ, ಅಂದರೆ ಡೇಟಾ ಓಡಾಡುವ ನಂಬರ್ ಹಾಕಿದ ದಾರಿಯಲ್ಲಿ. ಅದು ನಿಮ್ಮ ಕಡೆಯಿಂದ ಹೊರಗೆ ಹೋಗುವ ಸಂಪರ್ಕ, ಹಾಗಾಗಿ ರೂಟರ್ ತಡೆಯುವುದಿಲ್ಲ. ಮಾತು ಓಡಾಡುವುದು ಯುಡಿಪಿ 5198 ಮತ್ತು 5199 ಪೋರ್ಟ್‌ಗಳಲ್ಲಿ. ಈ ಎರಡು ಹೊರಗಿನಿಂದ ಒಳಗೂ ಬರಬೇಕು. ರೂಟರ್‌ಗೆ ಅವನ್ನು ಯಾವ ಕಂಪ್ಯೂಟರಿಗೆ ಕಳಿಸಬೇಕು ಅಂತ ಗೊತ್ತಿರುವುದಿಲ್ಲ, ಬಿಸಾಕುತ್ತದೆ. ಫೋನಿನ ಆ್ಯಪ್ ನಡುವೆ ನಿಂತು ಮಾತು ದಾಟಿಸುವ ರಿಲೇ ಸರ್ವರ್ ಮೂಲಕ ಹೋಗಬಲ್ಲದು, ಅದಕ್ಕೇ ಅಲ್ಲಿ ತೊಂದರೆ ಕಾಣಲಿಲ್ಲ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ.

ಎಲ್ಲರೂ ಮೊದಲು ಪೋರ್ಟ್ ಫಾರ್ವರ್ಡ್ ಮಾಡಲು, ಅಂದರೆ ಆ ಪೋರ್ಟ್‌ಗಳಿಗೆ ಬಂದದ್ದನ್ನು ಇಂಥ ಕಂಪ್ಯೂಟರಿಗೇ ಕಳಿಸು ಅಂತ ರೂಟರಿಗೆ ಹೇಳಿಡಲು, ಓಡುತ್ತಾರೆ. ತಡೆಯಿರಿ. ರೂಟರಿನ ವ್ಯಾನ್ ವಿಳಾಸ, ಅಂದರೆ ಇಂಟರ್ನೆಟ್ ಕಡೆಯ ವಿಳಾಸ ನೋಡಿ. ಅದು 100.64ರಿಂದ 100.127ರೊಳಗೆ ಶುರುವಾಗುತ್ತಿದ್ದರೆ, ಇಂಟರ್ನೆಟ್ ಕಂಪನಿಯವರು ಒಂದೇ ಹೊರವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ ಎಂದರ್ಥ. ಆಗ ನಿಮ್ಮ ರೂಟರ್‌ನಲ್ಲಿ ಏನು ಫಾರ್ವರ್ಡ್ ಮಾಡಿದರೂ ಸುಮ್ನೆ. ಮೊಬೈಲ್ ಡೇಟಾದಲ್ಲೂ ಸಾಮಾನ್ಯವಾಗಿ ಇದೇ ಕಥೆ.

ಇದಕ್ಕೆ ದಾರಿ ಪ್ರಾಕ್ಸಿ, ಅಂದರೆ ನಿಮ್ಮ ಪರವಾಗಿ ಸಂಪರ್ಕ ಹಿಡಿದುಕೊಡುವ ಬೇರೊಂದು ಕಂಪ್ಯೂಟರ್. ಎಕೋಲಿಂಕ್‌ನ ಸೆಟಪ್‌ನಲ್ಲಿ ಪ್ರಾಕ್ಸಿ ಟ್ಯಾಬ್ ತೆಗೆದು ಪಬ್ಲಿಕ್ ಪ್ರಾಕ್ಸಿ ಆರಿಸಿ. ಒಂದು ಪ್ರಾಕ್ಸಿಗೆ ಒಂದು ಸಲಕ್ಕೆ ಒಬ್ಬರೇ, ಆದ್ದರಿಂದ ಖಾಲಿ ಇರುವುದನ್ನು, ಆದಷ್ಟು ಹತ್ತಿರದ್ದನ್ನು ಹಿಡಿಯಿರಿ. ದೂರದ್ದಾದರೆ ಮಾತು ತಡವಾಗುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟುಕೊಡಿ, ಬೇರೆಯವರೂ ಕಾಯುತ್ತಿರುತ್ತಾರೆ. ಆಮೇಲೆ 9999, ಅಂದರೆ ಎಕೋಟೆಸ್ಟ್‌ಗೆ ಕನೆಕ್ಟ್ ಆಗಿ ಮಾತಾಡಿ. ನಿಮ್ಮ ದನಿ ನಿಮಗೇ ವಾಪಸ್ ಕೇಳಬೇಕು. ಅದು ಕೇಳುವ ತನಕ, ಬಂದ ಮಾತನ್ನು ರೇಡಿಯೋದಲ್ಲಿ ಮತ್ತೆ ಪ್ರಸಾರ ಮಾಡುವ ಯಾವ ರಿಪೀಟರ್‌ಗೂ ಹೋಗಬೇಡಿ. ಒಡೆದ ದನಿಯನ್ನು ಅಲ್ಲಿ ಕೂತಿರುವ ಎಲ್ಲರೂ ಕೇಳಬೇಕಾಗುತ್ತದೆ, ಅಲ್ವಾ?

ಹ್ಯಾಮ್ ಲೈಸೆನ್ಸ್ ಇಲ್ಲ. ಭಾವನ ಕಾಲ್‌ಸೈನ್ (ಲೈಸೆನ್ಸ್ ಜೊತೆ ಸಿಗುವ ಗುರುತಿನ ಹೆಸರು) ಹಾಕಿಕೊಳ್ಳಬಹುದೇ? ಒಬ್ಬರು ದುಡ್ಡು ಕೊಟ್ಟರೆ ಆಕ್ಟಿವೇಟ್ ಮಾಡಿಕೊಡ್ತೀನಿ ಅಂತಾರೆ.

ಎರಡೂ ತಪ್ಪು. ಸಾಫ್ಟ್‌ವೇರ್ ಉಚಿತ. ಕಾಲ್‌ಸೈನ್ ನಿಮ್ಮದೇ ಅಂತ ಖಾತ್ರಿಯಾದರೆ ಮಾತ್ರ ಒಳಗೆ ಬಿಡುತ್ತಾರೆ. ರೇಡಿಯೋ ಸೆಟ್ ಇಲ್ಲದೆ ಬರೀ ಕಂಪ್ಯೂಟರಿನಲ್ಲಿ ಮಾತಾಡಿದರೂ ಇದೇ ನಿಯಮ. ಹ್ಯಾಮ್ ಲೈಸೆನ್ಸಿಗೆ ಬೇಕಾದ ಎಎಸ್‌ಒಸಿ ಪರೀಕ್ಷೆ ಬರೆಯಿರಿ. ಭಾವನ ಲೈಸೆನ್ಸಿಗೆ ಸಂಚಕಾರ ತರಬೇಡಿ.

ನನ್ನ ಹತ್ತಿರ ಮ್ಯಾಕ್ ಇದೆ, ತಮ್ಮನ ಹತ್ತಿರ ಲಿನಕ್ಸ್.

ಇನ್‌ಸ್ಟಾಲ್ ಮಾಡುವ ಅಧಿಕೃತ ಎಕೋಲಿಂಕ್ ಇರುವುದು ವಿಂಡೋಸ್, ಐಫೋನ್, ಆಂಡ್ರಾಯ್ಡ್‌ಗೆ. ಲಿನಕ್ಸ್‌ನಲ್ಲಿ ಕ್ಯೂಟೆಲ್ ಎಂಬ ಸಾಫ್ಟ್‌ವೇರ್ ಬಳಸಿ. ಮ್ಯಾಕ್ ಇರುವವರಿಗೆ ಬೇರೆಯವರು ಬರೆದ ಸಾಫ್ಟ್‌ವೇರ್‌ಗಳಿವೆ, ಆದರೂ ಐಫೋನ್ ಇದ್ದರೆ ಅದರಲ್ಲೇ ಮಾತಾಡಿ ಅನ್ನುತ್ತೇನೆ.

ಮನೆಯ ಎರಡು ಕಂಪ್ಯೂಟರಿನಲ್ಲಿ ಒಟ್ಟಿಗೆ?

ಒಂದೇ ಕಾಲ್‌ಸೈನ್‌ನಲ್ಲಿ ಬೇಡ. ಅಪ್ಪ, ಮಗಳು ಇಬ್ಬರಿಗೂ ಬೇರೆ ಬೇರೆ ಕಾಲ್‌ಸೈನ್ ಇದ್ದರೆ ಒಬ್ಬರು ಪ್ರಾಕ್ಸಿಗೆ ಹೋಗಿ.

ಪ್ರವಾಹ ಬಂದಾಗ ಎಕೋಲಿಂಕ್ ಸಾಕಲ್ಲವೇ?

ಸಾಲದು. ನೆಟ್ ಹೋದರೆ ಅದೂ ಹೋಗುತ್ತದೆ. ರೇಡಿಯೋ ಸೆಟ್, ಆಂಟೆನಾ, ಚಾರ್ಜ್ ಆದ ಬ್ಯಾಟರಿ ಇಟ್ಟುಕೊಳ್ಳಿ.